ಕೊಳೆ ಔಷಧದ ಡ್ರಮ್ಮಿನಲ್ಲಿ ಕಲಿತ ಪಾಠ

ಶಿರಸಿಯಲ್ಲಿ ಪಿಯುಸಿ ಓದುವಾಗ ಯಾವ ಲವಣ ನೀರಲ್ಲಿ ಕರಗುತ್ತದೆ, ಯಾವುದು ಇಲ್ಲ ಎಂಬ ಪಟ್ಟಿ ನನ್ನ ತಲೆಯಲ್ಲಿ ಎರಡು ದಿನವೂ ನಿಲ್ಲುತ್ತಿರಲಿಲ್ಲ. ಆ ಮಳೆಗಾಲ ಅಡಿಕೆಗೆ ಕೊಳೆರೋಗದ ಔಷಧ (ಬೋರ್ಡೋ ದ್ರಾವಣ) ಹೊಡೆಸಿ ಬಂದ ಅಪ್ಪಯ್ಯ ಕೇಳಿದರು: “ಮಾಣಿ, ಇಷ್ಟು ಮಳೆ ಬಂದ್ರೂ ಔಷಧ ತೊಳೆದು ಹೋಗ್ತಿಲ್ಲೆ, ಎಂತಕ್ಕೆ?”

ಉತ್ತರಕ್ಕಾಗಿ ಮತ್ತೆ ಡ್ರಮ್ಮಿನ ಹತ್ತಿರವೇ ಹೋದೆ. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರಿಗೆ. ಮೈಲುತುತ್ತದ ನೀರು ತಿಳಿಯಾದ ನೀಲಿ. ಸುಣ್ಣದ್ದು ಹಾಲಿನ ಹಾಗೆ. ಲೀಟರಿಗೆ ಮೈಲುತುತ್ತ 300 ಗ್ರಾಂ ಕರಗಿದರೆ ಸುಣ್ಣ 2 ಗ್ರಾಂ ಕೂಡ ಕರಗದು. ಉಳಿದದ್ದು ತೇಲುವ ಪುಡಿ. ಮೈಲುತುತ್ತದ ನೀರನ್ನು ಸುಣ್ಣದ ಹಾಲಿಗೆ ಸುರಿದಾಗ ಎರಡೂ ಜೋಡಿ ಬದಲಿಸುತ್ತವೆ. ತಾಮ್ರ, ಸುಣ್ಣದಲ್ಲಿದ್ದ ಹೈಡ್ರಾಕ್ಸೈಡಿನ ಜೊತೆ ಸೇರಿ ನೀಲಿ ಗಷ್ಟಾಗುತ್ತದೆ. ಕಾಯಿಗೆ ಅಂಟಿ ಕೂರುವುದು ಆ ಕರಗದ ಗಷ್ಟು. ಬರೀ ಮೈಲುತುತ್ತ ಹೊಡೆದಿದ್ದರೆ ಒಂದೇ ಮಳೆಗೆ ಹೋಗುತ್ತಿತ್ತು, ಎಳೆಗಾಯಿ ಸುಡುತ್ತಿತ್ತು ಕೂಡ.

ಅಂದಿನಿಂದ ಯಾವ ಹೆಸರು ಕಂಡರೂ ಮೊದಲು ಅದರ ಎರಡು ಅಯಾನು (ವಿದ್ಯುತ್ ಆವೇಶವಿರುವ ಕಣ) ಬಿಡಿಸಿ ನೋಡುತ್ತೇನೆ. ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ, ನೈಟ್ರೇಟ್ ಇವುಗಳಲ್ಲಿ ಒಂದಿದ್ದರೂ ಕರಗುತ್ತದೆ, ಮುಂದೆ ಯೋಚಿಸುವುದೇ ಬೇಡ. ಕ್ಲೋರೈಡ್ ಕರಗುತ್ತದೆ; ಬೆಳ್ಳಿ, ಸೀಸ ಬಿಟ್ಟು. ಸಲ್ಫೇಟಿನಲ್ಲಿ ಬೇರಿಯಂ, ಸೀಸ ಕರಗುವುದಿಲ್ಲ, ಕ್ಯಾಲ್ಸಿಯಂ ಚೂರೇ ಚೂರು. ಕಾರ್ಬೊನೇಟ್, ಫಾಸ್ಫೇಟ್, ಹೈಡ್ರಾಕ್ಸೈಡ್ ಬಂದರೆ ಕರಗದು ಎಂದೇ ಹಿಡಿದು ಆಮೇಲೆ ಅಪವಾದ ಹುಡುಕುತ್ತೇನೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನಾಗರದಲ್ಲೂ ಇದೇ ಲೆಕ್ಕ: ಸಮುದ್ರದ ನೀರು ಆರುತ್ತ ಬಂದಂತೆ ಕ್ಯಾಲ್ಸಿಯಂ ಸಲ್ಫೇಟ್ ಮೊದಲು ತಳ ಸೇರುತ್ತದೆ, ಅಡುಗೆ ಉಪ್ಪು ಆಮೇಲೆ.

ಅಯಾನುಗಳ ಆವೇಶ ಹೆಚ್ಚಿದ್ದರೆ ಅವುಗಳ ಹಿಡಿತ ಬಿಗಿ, ಹಾಗಾಗಿ ಕರಗದು ಎಂದು ಊಹಿಸಿ ನಾನು ಹಲವು ಸಲ ತಪ್ಪಿದ್ದೇನೆ. ಮೈಲುತುತ್ತದಲ್ಲಿ ಎರಡೂ ಕಡೆ ಎರಡೆರಡು ಆವೇಶ, ಆದರೂ ಕರಗಿತಲ್ಲ! ಅಯಾನುಗಳ ಹಿಡಿತ ಎಷ್ಟೋ, ನೀರಿನ ಎಳೆತವೂ ಅಷ್ಟೇ ಮುಖ್ಯ. ಅದಕ್ಕೇ ಪಟ್ಟಿ ಬೇಕು.

ಔಷಧ ಸರಿಯಾಯಿತೇ ಎಂದು ನೋಡಲು ಅಪ್ಪಯ್ಯ ಹೊಳೆಯುವ ಕಬ್ಬಿಣದ ಚಾಕು ಅದ್ದುತ್ತಿದ್ದರು. ಚಾಕು ಕೆಂಪಾದರೆ ನೀರಲ್ಲಿ ಕರಗಿದ ತಾಮ್ರ ಇನ್ನೂ ಉಳಿದಿದೆ ಎಂದರ್ಥ. ಆಗ ಇನ್ನಷ್ಟು ಸುಣ್ಣದ ನೀರು ಹಾಕಿ ಕಲಕುತ್ತಿದ್ದರು.