ಆಸ್ಟ್ರೇಲಿಯಾದಲ್ಲಿ ಪೀಕ್ ಬಾಡಿ ಅಂದ್ರೆ ಯಾರು, ನಮ್ ಹಾಸನ-ಚಿಕ್ಕಮಗಳೂರಿನವ್ರು ಯಾಕೆ ತಿಳ್ಕೋಬೇಕು

ಹಾಸನ, ಚಿಕ್ಕಮಗಳೂರು ಕಡೆಯಿಂದ ಆಸ್ಟ್ರೇಲಿಯಾಕ್ಕೆ ಓದೋಕೆ, ಕೆಲ್ಸಕ್ಕೆ ಅಂತ ಹೋಗಿರೋ ಮಕ್ಳು ಈಗ ಸುಮಾರು ಜನ ಇದಾರೆ. ನಾನು ಊರಿಗೆ ಬಂದಾಗೆಲ್ಲ ಅವ್ರ ಅಪ್ಪ ಅಮ್ಮ ಕೇಳೋದು ಒಂದೇ, ಅಲ್ಲಿ ಕೈ ಖಾಲಿ ಆದ್ರೆ, ಬಾಡಿಗೆ ಕಟ್ಟೋಕಾಗದೆ ಮನೆ ಬಿಡೋ ಹಂಗಾದ್ರೆ ಯಾರ ಹತ್ರ ಹೋಗ್ಬೇಕು ಅಂತ. ಕನ್ನಡ ಸಂಘ ಇದೆ, ಕಾನ್ಸುಲೇಟ್ ಇದೆ ಅಂತ ಹೇಳಿ ಸುಮ್ನಾಗೋದು ಸುಲಭ, ಆದ್ರೆ ಅಲ್ಲಿನ ವ್ಯವಸ್ಥೆ ಇನ್ನೂ ದೊಡ್ಡದು, ಅದ್ರಲ್ಲಿ ಪೀಕ್ ಬಾಡಿ ಅನ್ನೋ ಒಂದು ಭಾಗ ಇದೆ, ಎಷ್ಟೋ ವರ್ಷದಿಂದ ಅಲ್ಲೇ ಇರೋರಿಗೂ ಅದ್ರ ಪರಿಚಯ ಇರಲ್ಲ.

ಮೊದ್ಲು ಇದು ತಿಳ್ಕೊಳಿ. ಅಲ್ಲಿ ಸರ್ಕಾರದ ಸೆಂಟರ್‌ಲಿಂಕ್ ಹಣ ಕೊಡುತ್ತೆ, ಆದ್ರೆ ರಾತ್ರಿ ಮಲಗೋಕೆ ಜಾಗ, ದಿನಸಿ, ಸಾಲದ ಬಗ್ಗೆ ಸಲಹೆ, ಮನೇಲಿ ಹೊಡೆತ ತಿನ್ನೋ ಹೆಣ್ಮಕ್ಕಳಿಗೆ ಆಸರೆ, ಇದನ್ನೆಲ್ಲ ನಡೆಸೋದು ಬಹುಪಾಲು ಸೇವಾ ಸಂಸ್ಥೆಗಳು. ಸಾಲ್ವೇಶನ್ ಆರ್ಮಿ, ಸೇಂಟ್ ವಿನ್ಸೆಂಟ್ ಡಿ ಪಾಲ್ ತರದ ದೊಡ್ಡವೂ ಇವೆ, ಬಡಾವಣೆಗೆ ಒಂದು ಅನ್ನೋ ಹಾಗೆ ಚಿಕ್ಕವೂ ಇವೆ. ಇವೆಲ್ಲ ಸದಸ್ಯರಾಗಿ ಸೇರಿ ಮಾಡ್ಕೊಂಡಿರೋ ಮೇಲಿನ ಸಂಸ್ಥೆನೇ ಪೀಕ್ ಬಾಡಿ.

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವ್ರಿಗೆ ಇದು ತಕ್ಷಣ ಅರ್ಥ ಆಗುತ್ತೆ. ನಮ್ಮಲ್ಲಿ ಊರೂರಿನ ಬೆಳೆಗಾರರ ಸಂಘಗಳು ಸೇರಿ ಕರ್ನಾಟಕ ಬೆಳೆಗಾರರ ಒಕ್ಕೂಟ ಆಗಿಲ್ವಾ, ಹಂಗೆ. ಒಕ್ಕೂಟದವ್ರು ನಿಮ್ ಕಾಫಿ ಕೊಳ್ಳಲ್ಲ, ಗೊಬ್ಬರ ಹಂಚಲ್ಲ, ಆದ್ರೆ ಆನೆ ತೋಟ ತುಳಿದಾಗ ಕೊಡೋ ಪರಿಹಾರ ಸಾಲಲ್ಲ, ಮಳೆ ಹೆಚ್ಚಾಗಿ ಕಾಯಿ ಉದುರಿದೆ ಅಂತ ಎಲ್ಲರ ಮಾತನ್ನ ಒಟ್ಟು ಮಾಡಿ ಸರ್ಕಾರದ ಮುಂದೆ, ಕಾಫಿ ಬೋರ್ಡ್ ಮುಂದೆ ಇಡ್ತಾರೆ. ಪೀಕ್ ಬಾಡಿನೂ ಅಷ್ಟೇ, ಅವ್ರ ಆಫೀಸಿಗೆ ಹೋಗಿ ಬಾಡಿಗೆಗೆ ದುಡ್ಡು ಕೊಡಿ ಅಂದ್ರೆ ಸಿಗಲ್ಲ.

ದೇಶದ ಮಟ್ಟದಲ್ಲಿ ಇರೋದು ಆಸ್ಟ್ರೇಲಿಯನ್ ಕೌನ್ಸಿಲ್ ಆಫ್ ಸೋಶಿಯಲ್ ಸರ್ವಿಸ್, ಎಕಾಸ್ ಅಂತಾರೆ, 1956ರಲ್ಲಿ ಶುರುವಾಗಿದ್ದು. ಪ್ರತಿ ರಾಜ್ಯಕ್ಕೂ ಬೇರೆ ಕೌನ್ಸಿಲ್ ಇದೆ, ವಿಕ್ಟೋರಿಯಾಗೆ ವಿಕಾಸ್, ನ್ಯೂ ಸೌತ್ ವೇಲ್ಸ್‌ಗೆ ಎನ್‌ಕಾಸ್, ಹೀಗೆ. ಮನೆ ಇಲ್ದೋರ ಸೇವೆಗೆ, ಸಾಲದ ಸಲಹೆಗಾರರಿಗೆ, ಕಾನೂನು ನೆರವು ಕೇಂದ್ರಗಳಿಗೆ ಬೇರೆ ಬೇರೆ ಪೀಕ್ ಬಾಡಿಗಳಿವೆ. ನಮ್ಮಂಗೆ ಹೊರದೇಶದಿಂದ ಬಂದ ಸಮುದಾಯಗಳ ಪರವಾಗಿ ಮಾತಾಡೋದು 1979ರಲ್ಲಿ ಶುರುವಾದ ಫೆಕ್ಕಾ, ಈ ಹೆಸ್ರು ಮಾತ್ರ ನೆನಪಲ್ಲಿ ಇಟ್ಕೊಳಿ.

ಇವ್ರು ಮಾಡೋ ಕೆಲ್ಸದ ಫಲ ನಿಧಾನ. ಕೆಲ್ಸ ಇಲ್ದೋರಿಗೆ ಕೊಡೋ ಹಣ, ಈಗ ಜಾಬ್‌ಸೀಕರ್ ಅಂತಾರಲ್ಲ ಅದು, ಬೆಲೆ ಏರಿಕೆಗೆ ತಕ್ಕಂತೆ ಆಗೋ ಹೆಚ್ಚಳ ಬಿಟ್ರೆ 1994ರಿಂದ ಮೇಲೇರಿರ್ಲಿಲ್ಲ, ಎಕಾಸ್ ವರ್ಷಗಟ್ಟಲೆ ಅಂಕಿ ಅಂಶ ಹಿಡ್ಕೊಂಡು ಏರಿಸಿ ಏರಿಸಿ ಅಂತ ಬೆನ್ನು ಹತ್ತಿತ್ತು. 2020ರಲ್ಲಿ ಕೊರೋನಾ ಬಂದಾಗ ಹದಿನೈದು ದಿನಕ್ಕೆ 550 ಡಾಲರ್ ಹೆಚ್ಚಿಗೆ ಕೊಟ್ರು, ಆಮೇಲೆ ಅದನ್ನ ಇಳಿಸ್ತಾ ಬಂದು ನಿಲ್ಲಿಸಿದ್ರು, ಆದ್ರೂ 2021ರಲ್ಲಿ 50 ಡಾಲರ್, 2023ರಲ್ಲಿ 40 ಡಾಲರ್ ಖಾಯಂ ಏರ್ತು. ಸಾಲದು ಅಂತ ಅವ್ರು ಈಗಲೂ ಹೇಳ್ತಾನೆ ಇದಾರೆ, ನನಗೂ ಅದೇ ಅನ್ಸುತ್ತೆ.

ನಮ್ ಮಕ್ಳ ಕಥೆ ಇಲ್ಲೇ ಬರೋದು. ಆ 2020ರಲ್ಲಿ ಸ್ಟೂಡೆಂಟ್ ವೀಸಾ, ಟೆಂಪರರಿ ವೀಸಾದವ್ರಿಗೆ ಜಾಬ್‌ಸೀಕರೂ ಇಲ್ಲ, ಸಂಬಳಕ್ಕೆ ಕೊಟ್ಟ ಜಾಬ್‌ಕೀಪರೂ ಇಲ್ಲ. ಚಿಕ್ಕಮಗಳೂರಿನ ಪರಿಚಯದ ಹುಡುಗಿ ಒಬ್ಳಿಗೆ ಹೋಟೆಲ್ ಶಿಫ್ಟ್ ನಿಂತು ಹೋಯ್ತು, ದಿನಸಿ ಕೊಡೋ ಒಂದು ಸಂಸ್ಥೆಗೆ ಹೋದ್ಲು, ಅಲ್ಲಿ ಒಂದು ಹಾಳೆ ಕೊಟ್ರಂತೆ, ಪೋಸ್ಟ್‌ಕೋಡ್, ಯಾವ ವೀಸಾ, ಮನೇಲಿ ಎಷ್ಟು ಜನ, ಬಾಡಿಗೆ ಎಷ್ಟು, ಮನೇಲಿ ಆಡೋ ಭಾಷೆ. ವೀಸಾಗೆ ಏನಾದ್ರೂ ತೊಂದ್ರೆ ಆಗುತ್ತೇನೋ ಅಂತ ಹೆದರಿ ಅರ್ಧಕ್ಕರ್ಧ ಖಾಲಿ ಬಿಟ್ಟು, ಅಕ್ಕಿ ಚೀಲ, ಕಾಳಿನ ಟಿನ್ನು ತಗೊಂಡು ತಲೆ ತಗ್ಗಿಸ್ಕೊಂಡು ಬಂದಿದಾಳೆ ಪಾಪ. ನಾನು ಎಲ್ಲರಿಗೂ ಹೇಳೋದು, ಚಾರಿಟಿಯವ್ರು ಕೊಡೋ ದಿನಸಿ ತಗೊಂಡ್ರೆ ವೀಸಾ ಷರತ್ತು ಮುರಿದಂಗೆ ಆಗಲ್ಲ. ಹೆಸ್ರು ಬರೆಯೋಕೆ ಇಷ್ಟ ಇಲ್ಲದಿದ್ರೆ ಕೇಳಿ ಬಿಡಿ, ಆದ್ರೆ ಆ ಬೇರೆ ಕಾಲಂಗಳನ್ನ ತುಂಬಿ. ಇಂಥಾ ಕಷ್ಟದಲ್ಲಿ ಎಷ್ಟು ಜನ ಇದಾರೆ ಅನ್ನೋ ಲೆಕ್ಕ ಸಂಸ್ಥೆಗಳಿಗೆ ಸಿಗೋದು ಹೀಗೆ, ಪೀಕ್ ಬಾಡಿ ಮಂತ್ರಿಗಳ ಹತ್ರ ಮಾತಾಡೋಕೆ ಹೋಗೋದು ಸದಸ್ಯ ಸಂಸ್ಥೆಗಳು ಕೊಡೋ ಲೆಕ್ಕ ಇಟ್ಕೊಂಡು. ಖಾಲಿ ಬಿಟ್ರೆ ನಾವು ಅಲ್ಲಿ ಇಲ್ಲವೇ ಇಲ್ಲ ಅಂತ ಆಗುತ್ತೆ.

ಪಿಆರ್, ಅಂದ್ರೆ ಅಲ್ಲಿ ಖಾಯಂ ಆಗಿ ಇರೋಕೆ ಅನುಮತಿ, ಸಿಕ್ಕ ಕೂಡ್ಲೇ ಎಲ್ಲ ಸಿಗುತ್ತೆ ಅನ್ನೋ ನಂಬಿಕೆನೂ ಬೇಡ. ಜಾಬ್‌ಸೀಕರ್‌ಗೆ ಸಾಮಾನ್ಯವಾಗಿ 4 ವರ್ಷ ಕಾಯ್ಬೇಕು, ವಯಸ್ಸಾದೋರ ಪಿಂಚಣಿಗೆ 10 ವರ್ಷದ ವಾಸ ಬೇಕು, ಅಪ್ಪ ಅಮ್ಮನ್ನ ಕರ್ಸ್ಕೊಳೋರು ಇದನ್ನ ಮೊದಲೇ ಲೆಕ್ಕ ಹಾಕಿ.

ತುರ್ತಿಗೆ ಆಸ್ಕ್ ಇಜ್ಜಿ ಅನ್ನೋ ವೆಬ್‌ಸೈಟಲ್ಲಿ ನಿಮ್ ಏರಿಯಾ ಹಾಕಿ, ಹತ್ರ ಊಟ, ವಸತಿ, ಸಲಹೆ ಎಲ್ಲಿದೆ ಅಂತ ತೋರ್ಸುತ್ತೆ. ಸಾಲದ ಸಹಾಯವಾಣಿ 1800 007 007, ಮನೇಲಿ ಹಿಂಸೆ ಇದ್ರೆ 1800 737 732, ಮನಸ್ಸು ತೀರಾ ಕುಗ್ಗಿದ್ರೆ 13 11 14. ಇಂಗ್ಲಿಷ್ ಬರದ ಅತ್ತೆ ಮಾವಂದಿರು ಇದ್ರೆ 131 450ಕ್ಕೆ ಫೋನ್ ಮಾಡಿ ಕನ್ನಡ ಇಂಟರ್‌ಪ್ರಿಟರ್ ಕೇಳಿ. ಈ ನಂಬರ್‌ಗಳನ್ನ ಇಲ್ಲಿ ಊರಲ್ಲಿರೋ ಅಮ್ಮಂದಿರೂ ಬರ್ದಿಟ್ಕೊಳಿ, ಮಗ್ಳು ಫೋನಲ್ಲಿ ಅತ್ತಾಗ ಏನಾದ್ರೂ ಹೇಳೋಕೆ ಇರ್ಲಿ.

ಇನ್ನು ಅಲ್ಲಿನ ನಮ್ ಸಂಘದವ್ರಿಗೆ ಒಂದು ಕೋರಿಕೆ. ಯುಗಾದಿ, ರಾಜ್ಯೋತ್ಸವ ಚೆನ್ನಾಗೇ ಮಾಡ್ತೀರಿ, ಜೊತೆಗೆ ರಾಜ್ಯದ ಕೌನ್ಸಿಲ್‌ಗೋ, ವಲಸೆ ಸಮುದಾಯಗಳ ಕೌನ್ಸಿಲ್‌ಗೋ ಸದಸ್ಯರಾಗೋದು ಹೆಂಗೆ ಅಂತ ವಿಚಾರಿಸಿ. ಕೇಂದ್ರ ಬಜೆಟ್ ಸಾಮಾನ್ಯವಾಗಿ ಮೇ ತಿಂಗಳಲ್ಲಿ, ಅದಕ್ಕೆ ಮುಂಚೆ ಖಜಾನೆ ಇಲಾಖೆ ಸಾರ್ವಜನಿಕರಿಂದ ಸಲಹೆ ಕೇಳುತ್ತೆ, ಯಾರು ಬೇಕಾದ್ರೂ ಬರೀಬಹುದು. ನಿಮ್ ಹತ್ರ ಸಹಾಯ ಕೇಳ್ಕೊಂಡು ಬಂದವ್ರು ಎಷ್ಟು ಜನ, ಯಾವ ವೀಸಾ, ಯಾವ ಕಷ್ಟ ಅಂತ ಹೆಸ್ರಿಲ್ದೆ ಒಂದು ಪುಸ್ತಕದಲ್ಲಿ ಬರ್ದಿಡ್ತಾ ಬಂದ್ರೆ, ಕೇಳಿದಾಗ ಎರಡು ಪುಟ ಮಾಡಿ ಕಳ್ಸೋಕೆ ಒಂದು ಭಾನುವಾರ ಸಾಕು.