ಹೊಲಿದ ಭುಜಕ್ಕೆ ತೇಪೆ: ಗ್ರಾಫ್ಟ್ ಪರೀಕ್ಷಿಸುವ ಬಗೆ

ಭುಜದ ಕೀಲನ್ನು ಸುತ್ತಿ ಹಿಡಿದ ಸ್ನಾಯು-ಟೆಂಡನ್‌ಗಳ ಗುಂಪಾದ ರೊಟೇಟರ್ ಕಫ್ ಹರಿದರೆ ಸರ್ಜನ್ ಟೆಂಡನ್ ಅನ್ನು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಎಳೆದು ತಂದು ತೋಳಿನ ಮೂಳೆಗೆ ಹೊಲಿಯುತ್ತಾರೆ. ಹುಟ್ಟಿನಿಂದ ಬಂದ ಜೋಡಣೆಯಲ್ಲಿ ಟೆಂಡನ್ ಹಂತಹಂತವಾಗಿ ಗಟ್ಟಿಯಾಗುತ್ತ ಮೂಳೆಯಲ್ಲಿ ಬೆರೆತಿರುತ್ತದೆ. ಹೊಲಿದ ಜಾಗದಲ್ಲಿ ಬೆಳೆಯುವುದು ಬರೀ ಕಲೆಯಂಥ ಅಂಗಾಂಶ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹರಿದ ಭಾಗ ದೊಡ್ಡದಿದ್ದ 18 ಮಂದಿಯ ಪೈಕಿ 17 ಮಂದಿಗೆ ಹೊಲಿದದ್ದು ಮತ್ತೆ ಹರಿದಿತ್ತು. ಅದಕ್ಕೇ ಮೇಲೊಂದು ತೇಪೆ, ಅಂದರೆ ಗ್ರಾಫ್ಟ್, ಹಾಕುವ ಯೋಚನೆ ಬಂದದ್ದು. ಈ ತೇಪೆಗೆ ಕೆಲಸ ಎರಡು: ಮೊದಲ ವಾರಗಳಲ್ಲಿ ಭಾರ ಹಂಚಿಕೊಳ್ಳುವುದು, ಆಮೇಲೆ ದೇಹದ ಸ್ವಂತ ಅಂಗಾಂಶಕ್ಕೆ ಜಾಗ ಬಿಡುವುದು. ಒಂದರ ಪರೀಕ್ಷೆಯಿಂದ ಇನ್ನೊಂದರ ಬಗ್ಗೆ ತೀರ್ಪು ಕೊಡಬೇಡಿ.

ಮೊದಲ ಕೆಲಸಕ್ಕೆ ಕುರಿಯ ಭುಜ ಸಾಕು. ಒಂದೇ ಕುರಿಯ ಎಡ-ಬಲ ಎರಡೂ ಮುಂಗಾಲುಗಳನ್ನು ಹಲಗೆಯೆಲುಬಿನ ಸಮೇತ ಕೇಳಿ ತನ್ನಿ. ಕತ್ತರಿಸಿದ ತುಂಡು ಕೆಲಸಕ್ಕೆ ಬಾರದು. ಮೈನಸ್ 20 ಡಿಗ್ರಿಯಲ್ಲಿಟ್ಟು, ಹಿಂದಿನ ರಾತ್ರಿ 4 ಡಿಗ್ರಿ ಫ್ರಿಜ್‌ಗೆ ಇಳಿಸಿ. ಕುರಿಯಲ್ಲಿ ಕಫ್‌ನ ಸ್ನಾಯುಗಳಲ್ಲೊಂದಾದ ಇನ್‌ಫ್ರಾಸ್ಪೈನೇಟಸ್ ಟೆಂಡನ್ ಬಳಸುವುದು ರೂಢಿ, ಅಳತೆಯಲ್ಲಿ ಅದು ಮನುಷ್ಯರ ಕಫ್‌ನ ಇನ್ನೊಂದು ಸ್ನಾಯುವಾದ ಸುಪ್ರಾಸ್ಪೈನೇಟಸ್‌ಗೆ ಹತ್ತಿರ. ಮೂಳೆಗೆ ತಾಗಿದಲ್ಲೇ ಬ್ಲೇಡಿನಿಂದ ಕತ್ತರಿಸಿ, ಎರಡೂ ಕಡೆ ಒಂದೇ ಬಗೆಯ ಆ್ಯಂಕರ್ (ದಾರವನ್ನು ಮೂಳೆಗೆ ಹಿಡಿಸುವ ಮೊಳೆ), ಒಂದೇ 2 ನಂಬರ್ ದಾರ, ಒಂದೇ ಕೈಯಿಂದ ಹೊಲಿಸಿ. ತೇಪೆ ಯಾವ ಕಡೆಗೆ ಎನ್ನುವುದನ್ನು ಹೊಲಿಗೆ ಮುಗಿದ ಮೇಲೆ ನಾಣ್ಯ ಚಿಮ್ಮಿ ತೀರ್ಮಾನಿಸಿ. ಮುಂಚೆಯೇ ಗೊತ್ತಿದ್ದರೆ ಕೈ ತಾನಾಗಿ ಒಂದು ಕಡೆ ಬಿಗಿಯಾಗುತ್ತದೆ.

ತೇಪೆಯನ್ನು ತಯಾರಕರು ಹೇಳಿದಷ್ಟು ಹೊತ್ತು ನೆನೆಸಿ, ಸ್ವಲ್ಪ ಎಳೆದು ಹಿಡಿದೇ ಹೊಲಿಯಿರಿ. ಇಲ್ಲೇ ಹೆಚ್ಚಿನವರು ಎಡವುವುದು. ಸಡಿಲವಾಗಿ ಕೂತ ತೇಪೆಗೆ ಭಾರ ಮುಟ್ಟುವ ಹೊತ್ತಿಗೆ ಕೆಳಗಿನ ಹೊಲಿಗೆ ಬಾಯಿಬಿಟ್ಟಿರುತ್ತದೆ. ಆಗ ‘ಗ್ರಾಫ್ಟ್‌ನಿಂದ ಪ್ರಯೋಜನವಿಲ್ಲ’ ಎಂಬ ತಪ್ಪು ಫಲಿತಾಂಶ ಕೈಗೆ ಬರುತ್ತದೆ.

ತೋಳಿನ ಮೂಳೆಯನ್ನು ಅಕ್ರಿಲಿಕ್ ಸಿಮೆಂಟಿನಲ್ಲಿ ಹೂತು ಎಳೆಯುವ ಯಂತ್ರದಲ್ಲಿ ನಿಲ್ಲಿಸಿ. ಸ್ನಾಯುವಿನ ತುದಿ ಕ್ಲ್ಯಾಂಪಿನಿಂದ ಜಾರುತ್ತದೆ, ಆದ್ದರಿಂದ ಡ್ರೈ ಐಸ್ ತುಂಬುವ ಕ್ಲ್ಯಾಂಪ್ ಬೇಕು. ಹಿಡಿತ ಮಾತ್ರ ಹೆಪ್ಪುಗಟ್ಟಲಿ, ಹೊಲಿಗೆಯ ಜಾಗವಲ್ಲ, ಅಲ್ಲಿಗೆ 0.9 ಶೇಕಡಾ ಸಲೈನ್ ಸಿಂಪಡಿಸುತ್ತಿರಿ. 10 ನ್ಯೂಟನ್ ಮುನ್ನೆಳೆತ ಕೊಟ್ಟು, 10ರಿಂದ 100 ನ್ಯೂಟನ್ ನಡುವೆ ಸೆಕೆಂಡಿಗೊಂದರಂತೆ 200 ಸಲ ಎಳೆದು ಬಿಡಿ, ಬಳಿಕ ಸೆಕೆಂಡಿಗೆ 1 ಮಿಲಿಮೀಟರ್ ವೇಗದಲ್ಲಿ ಹರಿಯುವವರೆಗೆ ಎಳೆಯಿರಿ. ಟೆಂಡನ್ ಮತ್ತು ಮೂಳೆಯ ನಡುವೆ ಬಿಡುವ ಅಂತರವನ್ನು ಯಂತ್ರದ ತೋಳಿನ ಚಲನೆಯಿಂದ ಅಳೆದರೆ ಕ್ಲ್ಯಾಂಪಿನ ಜಾರಾಟವೂ ಲೆಕ್ಕಕ್ಕೆ ಸೇರುತ್ತದೆ. ಟೆಂಡನ್ ಮೇಲೊಂದು, ಮೂಳೆಯ ಮೇಲೊಂದು ಶಾಯಿಯ ಚುಕ್ಕಿ ಇಟ್ಟು ಕ್ಯಾಮೆರಾದಲ್ಲಿ ಅಳೆಯಿರಿ. ಅಂತರ 5 ಮಿಲಿಮೀಟರ್ ದಾಟಿದ ಸುತ್ತನ್ನು ಗುರುತು ಹಾಕಿಕೊಳ್ಳಿ.

ಎಷ್ಟು ನ್ಯೂಟನ್‌ಗೆ ಹರಿಯಿತು ಎಂದು ಎಲ್ಲರೂ ಬರೆಯುತ್ತಾರೆ. ಎಲ್ಲಿ ಹರಿಯಿತು ಎನ್ನುವುದು ಅದಕ್ಕಿಂತ ಮುಖ್ಯ. ಗಾಡಿಯವನು ಬೆಂದ ಮೊಟ್ಟೆಯನ್ನು ದಾರದಿಂದ ಸೀಳುವ ಹಾಗೆ ಹೊಲಿಗೆಯೇ ಟೆಂಡನ್ ಅನ್ನು ಸೀಳಿಕೊಂಡು ಬಂದರೆ, ತೇಪೆ ಅಲ್ಲಿ ಭಾರ ಹಿಡಿದಿಲ್ಲ ಎಂದರ್ಥ. ಆ್ಯಂಕರ್ ಕಿತ್ತು ಬಂದಿದ್ದರೆ ನೀವು ಅಳೆದದ್ದು ಮೂಳೆಯನ್ನು, ತೇಪೆಯನ್ನಲ್ಲ. ಪ್ರತಿ ಮಾದರಿಯ ಫೋಟೋ ತೆಗೆದಿಡಿ.

ಎರಡನೆಯ ಕೆಲಸವಾದ ಮಾಯುವಿಕೆಗೆ ಜೀವವಿರುವ ಪ್ರಾಣಿಯೇ ಬೇಕು, ಮೊದಲು ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ. ಗ್ರಾಫ್ಟ್ ಪ್ರಾಣಿಯ ಅಂಗಾಂಶದಿಂದ ಮಾಡಿದ್ದಾದರೆ ಒಳಗೆ ಉಳಿದ ಡಿಎನ್‌ಎ ಮೊದಲೇ ಅಳೆಯಿರಿ: ಒಣತೂಕದ ಮಿಲಿಗ್ರಾಮಿಗೆ 50 ನ್ಯಾನೊಗ್ರಾಮಿಗಿಂತ ಕಡಿಮೆ ಇರಬೇಕು ಎಂಬುದು ಸಾಮಾನ್ಯವಾಗಿ ಒಪ್ಪಿದ ಮಿತಿ. ಇಲಿಯ ಭುಜದ ರಚನೆ ನಮ್ಮದನ್ನು ಹೋಲುತ್ತದೆ, ಆದರೆ ಇಲಿ ಬಲು ಬೇಗ ಮಾಯುತ್ತದೆ; ಜತೆಗೆ ಎಳೆಯುವಾಗ ಟೆಂಡನ್ ಬಿಟ್ಟು ಮೂಳೆಯ ಬೆಳವಣಿಗೆ ಪಟ್ಟಿಯೇ ಮುರಿಯಬಹುದು, ಅದನ್ನು ಸಿಮೆಂಟಿನಲ್ಲಿ ಮುಚ್ಚಿಡಿ. ಕುರಿಯದು ಬೇರೆ ತಕರಾರು: ಆಪರೇಷನ್ ಆದ ಕಾಲನ್ನು ಅದು ಬೇಗನೆ ಊರುವುದರಿಂದ ಹೊಲಿಗೆ ಮೊದಲ ದಿನಗಳಲ್ಲೇ ಬಿಡುತ್ತದೆ, ಅಂತರವನ್ನು ಕಲೆಯ ಅಂಗಾಂಶ ತುಂಬಿ ‘ಮಾಯಿತು’ ಎಂಬ ಭ್ರಮೆ ಹುಟ್ಟಿಸುತ್ತದೆ.

ಪ್ರಾಣಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋತ ಉದಾಹರಣೆ ಕಣ್ಣೆದುರಿಗಿದೆ. ಹಂದಿಯ ಸಣ್ಣಕರುಳಿನ ಪದರದಿಂದ ಮಾಡಿದ ತೇಪೆಯನ್ನು 30 ಮಂದಿಯಲ್ಲಿ ಪರೀಕ್ಷಿಸಿದ ಅಧ್ಯಯನ 2006ರಲ್ಲಿ ಬಂತು: ತೇಪೆ ಹಾಕಿದ 15 ಭುಜಗಳಲ್ಲಿ 4 ಮಾಯ್ದವು, ಹಾಕದ 15ರಲ್ಲಿ 9.

ಆದ್ದರಿಂದ ರೋಗಿಗಳ ಹಂತಕ್ಕೆ ಬಂದಾಗ, ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ದೇಶದ ಕ್ಲಿನಿಕಲ್ ಪ್ರಯೋಗಗಳ ದಾಖಲೆಪಟ್ಟಿಯಾದ ಸಿಟಿಆರ್‌ಐ ನೋಂದಣಿ ಮುಗಿಸಿ. ಇಲ್ಲೂ ಹೊಲಿಗೆ ಮುಗಿದ ಮೇಲೆಯೇ ತೇಪೆ ಹಾಕಬೇಕೇ ಬೇಡವೇ ಎಂದು ಬರೆದ ಲಕೋಟೆ ಒಡೆಯಿರಿ. ಜೋಲಿಯ ಅವಧಿ, ವ್ಯಾಯಾಮ ಎರಡೂ ಗುಂಪಿಗೆ ಒಂದೇ ಇರಲಿ. ಒಂದು ವರ್ಷಕ್ಕೆ ಎಂಆರ್‌ಐ ಮಾಡಿಸಿ, ಯಾರಿಗೆ ತೇಪೆ ಹಾಕಿದೆ ಎಂದು ಹೇಳದೆ ರೇಡಿಯಾಲಜಿಸ್ಟರಿಂದ ಸುಗಾಯಾ ದರ್ಜೆ (ಟೆಂಡನ್ ಎಷ್ಟು ಮಾಯ್ದಿದೆ ಎಂಬುದರ 1ರಿಂದ 5ರ ಅಳತೆ) ಕೊಡಿಸಿ. 4 ಮತ್ತು 5 ಎಂದರೆ ಹರಿದಿದೆ. ದಪ್ಪ ತೇಪೆ ಕೆಲವೊಮ್ಮೆ ಚಿತ್ರದಲ್ಲಿ ತಾನೇ ಟೆಂಡನ್‌ನಂತೆ ಕಾಣುತ್ತದೆ, ಹಾಗಾಗಿ ತೇಪೆಯ ಅಡಿಯಲ್ಲಿರುವ ಟೆಂಡನ್ ಮೂಳೆಯನ್ನು ಮುಟ್ಟಿದೆಯೇ ಎಂದು ಪ್ರತಿ ಹೋಳಿನಲ್ಲೂ ನೋಡಿ ಬರೆಯಲು ಮೊದಲೇ ತಿಳಿಸಿ.