ಹಿಮನದಿ ನೋಡಲು ಹೋಗುವ ಮೊದಲು ರಾತ್ರಿಗಳನ್ನು ಎಣಿಸಿ

ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಕಾರ್ಗಿಲ್ ಪೇಟೆಯಲ್ಲಿ ಟೊಮ್ಯಾಟೊ ಮಾರುವವನು ಅದಕ್ಕಿಂತ ಏಳುನೂರು ಮೀಟರ್ ಮೇಲೆ ಕೂತಿರುತ್ತಾನೆ. ಬೆಂಗಳೂರಿನವರು ಹಿಮಾಲಯಕ್ಕೆ ಪ್ಲಾನ್ ಹಾಕುವಾಗ ಮರೆಯುವುದು ಇದನ್ನೇ. ನಮ್ಮ ಊರು 920 ಮೀಟರ್ ಎತ್ತರದಲ್ಲಿದೆ, ಹವೆ ತಂಪು, ಹಾಗಾಗಿ ನಮಗೂ ಬೆಟ್ಟಕ್ಕೂ ಏನೋ ನಂಟಿದೆ ಅಂದುಕೊಂಡಿರುತ್ತೇವೆ. ಏನೂ ಇಲ್ಲ.

ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಸಲ ಲಡಾಖ್‌ಗೆ ಹೋದಾಗ ಐದು ದಿನ ರಜೆ, ಆ ಕಡೆ ಈ ಕಡೆ ಶನಿವಾರ ಭಾನುವಾರ ಸೇರಿಸಿ, ಎಕ್ಸೆಲ್ ಶೀಟಿನಲ್ಲಿ ಹನ್ನೊಂದು ಜಾಗ ತುಂಬಿಸಿಕೊಂಡು, ವಿಮಾನದಲ್ಲಿ ನೇರ ಲೇಹ್‌ಗೆ ಇಳಿದು, ಮಾರನೇ ದಿನ ಬೆಳಿಗ್ಗೆಯೇ 5,359 ಮೀಟರ್ ಎತ್ತರದ ಖಾರ್ದುಂಗ್ ಲಾಗೆ (ಲಾ ಅಂದರೆ ಬೆಟ್ಟ ದಾಟುವ ಕಣಿವೆದಾರಿ) ಹೋದೆವು. ಅಲ್ಲಿನ ಬೋರ್ಡ್ ಮುಂದೆ ಗೆಳೆಯರು ನಗುತ್ತಾ ನಿಂತಿರುವ ಫೋಟೋದಲ್ಲಿ, ಹಿಂದೆ ಟೈರ್ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ವಾಂತಿ ಮಾಡುತ್ತಿರುವವನು ನಾನು. ಉಳಿದ ದಿನ ಹೋಟೆಲ್ ರೂಮಿನ ಸೂರು ನೋಡಿದ್ದೇ ಬಂತು.

ಆಮೇಲೆ ಕಲಿತದ್ದು ಇಷ್ಟು. ಮೊದಲು ಜಾಗಗಳ ಪಟ್ಟಿ ಮಾಡಬೇಡಿ. ಎಷ್ಟು ರಾತ್ರಿ ಕೈಯಲ್ಲಿವೆ, ಒಂದೊಂದು ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಅಂತ ಬರೆದುಕೊಳ್ಳಿ. ಬೆಟ್ಟದ ವೈದ್ಯರು ಹೇಳುವ ಲೆಕ್ಕ ಸರಳ: 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗಿದ ಜಾಗಕ್ಕಿಂತ ನಾಳೆ ಮಲಗುವ ಜಾಗ 500 ಮೀಟರ್‌ಗಿಂತ ಜಾಸ್ತಿ ಮೇಲಿರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ಇರಬೇಕು. ಹಗಲಿನಲ್ಲಿ ಮೇಲೆ ಹತ್ತಿ ಇಳಿದರೆ ತೊಂದರೆ ಇಲ್ಲ, ಅದು ಒಳ್ಳೆಯದೇ. ಮಲಗುವ ಎತ್ತರವೇ ಮುಖ್ಯ. ಅಲ್ಲಿನ ಗಾಳಿಯಲ್ಲೂ ಆಮ್ಲಜನಕ ನಮ್ಮಲ್ಲಿರುವಷ್ಟೇ, ಶೇ. 21. ಒತ್ತಡ ಮಾತ್ರ ಕಡಿಮೆ. 3,500 ಮೀಟರ್‌ಗೆ ಹೋದರೆ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟೇ ಉಳಿಯುತ್ತದೆ. ದೇಹ ಅದಕ್ಕೆ ಹೊಂದಿಕೊಳ್ಳಲು ದಿನಗಳೇ ಬೇಕು. ದುಡ್ಡು ಕೊಟ್ಟು ಅದನ್ನು ಬೇಗ ಮಾಡಿಸಲು ಆಗುವುದಿಲ್ಲ.

ಈಗ ದಾರಿ. ನಿಧಾನವಾಗಿ ಹೋಗಿ ಹಿಮನದಿ ನೋಡಬೇಕು ಅನ್ನುವವರಿಗೆ ನಾನು ಹೇಳುವುದು ಲಡಾಖ್‌ನ ಸುರು ಕಣಿವೆ, ಅದರ ತುದಿಯಲ್ಲಿ ಪೆನ್ಸಿ ಲಾ, ರಜೆ ಉಳಿದಿದ್ದರೆ ಆಚೆಗಿನ ಝಾಂಸ್ಕರ್. ನಡೆಯದೆಯೂ ರಸ್ತೆಯಿಂದಲೇ ದೊಡ್ಡ ಹಿಮನದಿ ಕಾಣುವ ಜಾಗ ಇದು, ಹಾಗಾಗಿ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಬಹುದು. ಇನ್ನೊಂದು ಕಾರಣ, ಈ ದಾರಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಶ್ರೀನಗರ ಸುಮಾರು 1,600 ಮೀಟರ್, ಸೋನಮಾರ್ಗ್ 2,700ರ ಹತ್ತಿರ. ಆಮೇಲೆ 3,528 ಮೀಟರ್ ಎತ್ತರದ ಝೋಜಿ ಲಾ ದಾಟಿ ಕಾರ್ಗಿಲ್‌ಗೆ ಇಳಿದರೆ ಮತ್ತೆ 2,700. ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಪಾನಿಖರ್, ಅಲ್ಲಿ 3,200 ದಾಟುತ್ತದೆ. ನೇರ ಲೇಹ್‌ಗೆ ವಿಮಾನ ಹಿಡಿದರೆ ಈ ಮೆಟ್ಟಿಲುಗಳೆಲ್ಲ ತಪ್ಪುತ್ತವೆ. ಶ್ರೀನಗರದ ದಾರಿ ಬೇಡ ಅನ್ನಿಸಿದರೆ ಲೇಹ್‌ಗೇ ಹೋಗಿ, ಆದರೆ ಅಲ್ಲಿ ಮೂರು ದಿನ ಸುಮ್ನೆ ಇರಿ. ಸುಮ್ನೆ ಅಂದರೆ ಸುಮ್ನೆ. ಆಮೇಲೆ ಲಾಮಾಯುರು, ಫೋಟು ಲಾ ದಾಟಿ ಕಾರ್ಗಿಲ್‌ಗೆ ಬನ್ನಿ.

ಹೋಗುವ ಕಾಲ ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ. ದಸರಾ ರಜೆಗೆ ಹೊಂದಿಸೋಣ ಅಂತ ಬಹಳ ಜನ ಕೇಳುತ್ತಾರೆ. ಅಕ್ಟೋಬರ್ ಹೊತ್ತಿಗೆ ಮೇಲೆ ಹಿಮ ಬೀಳಲು ಶುರುವಾಗಬಹುದು, ಕಣಿವೆದಾರಿ ಯಾವಾಗ ಮುಚ್ಚುತ್ತದೋ ಹೇಳಲಾಗದು. ಬೇಡ. ವಿಮಾನ ಬೇಡ ಅನ್ನುವವರಿಗೆ 2025ರ ಜೂನ್‌ನಿಂದ ಕಟ್ರಾ–ಶ್ರೀನಗರ ರೈಲು ಇದೆ, ಚೆನಾಬ್ ನದಿಯ ಮೇಲಿನ 359 ಮೀಟರ್ ಎತ್ತರದ ಸೇತುವೆ ದಾಟಿ ಹೋಗುತ್ತದೆ. ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು, ಅಲ್ಲಿಂದ ಕಟ್ರಾ ರೈಲು ಹತ್ತಿದರೆ ಪೂರ್ತಿ ನೆಲದ ಮೇಲೇ ಶ್ರೀನಗರ ಸೇರಬಹುದು. ರಜೆ ಜಾಸ್ತಿ ಇರುವವರಿಗೆ ಮಾತ್ರ.

ಎಷ್ಟು ದಿನ ಬೇಕು? ಹತ್ತು ರಾತ್ರಿ ಇದ್ದರೆ ಶ್ರೀನಗರ ಒಂದು, ಸೋನಮಾರ್ಗ್ ಒಂದು, ಕಾರ್ಗಿಲ್ ಒಂದು, ಪಾನಿಖರ್ ಮೂರು, ಅದರ ಮುಂದಿನ ರಂಗ್ದುಮ್ ಎರಡು, ವಾಪಸ್ ಬರುವಾಗ ಕಾರ್ಗಿಲ್ ಒಂದು, ಶ್ರೀನಗರ ಒಂದು. ಝಾಂಸ್ಕರ್‌ನ ಮುಖ್ಯ ಊರು ಪದುಮ್ ಪಟ್ಟಿಯಲ್ಲಿ ಇಲ್ಲ. ಅದನ್ನು ತುರುಕಬೇಡಿ, ದಯವಿಟ್ಟು. ಹಿಮನದಿ ಇರುವುದು ಪೆನ್ಸಿ ಲಾದಲ್ಲಿ, ರಂಗ್ದುಮ್‌ನಿಂದ ಹಗಲಿನಲ್ಲಿ ಹೋಗಿ ಬಂದರೆ ಆಯಿತು. ಹದಿನಾರು ರಾತ್ರಿ ಸಿಕ್ಕರೆ ಆಗ ಪದುಮ್‌ಗೆ ನಾಲ್ಕು ಇಡಿ, ಕರ್ಶಾ ಗೊಂಪಾ (ಬೌದ್ಧ ಮಠ), ಸಾನಿ, ಝಾಂಗ್ಲಾ ನೋಡಿ, ಉಳಿದ ಎರಡು ಖಾಲಿ ಬಿಡಿ. ಖಾಲಿ ದಿನಕ್ಕೆ ಹೆಸರಿಡಬೇಡಿ. ಹೆಸರಿಟ್ಟರೆ ಅದು ಹೊರಡುವ ಹೊತ್ತಿಗೆ ತುಂಬಿಹೋಗಿರುತ್ತದೆ.

ಪಾನಿಖರ್‌ನಲ್ಲಿ ಮೂರು ರಾತ್ರಿ ಯಾಕೆ ಅಂದರೆ, ಮುಂದಿನ ರಂಗ್ದುಮ್ ನಾಲ್ಕು ಸಾವಿರ ಮೀಟರ್‌ಗೆ ಹತ್ತಿರ. ಒಂದೇ ಸಲಕ್ಕೆ ಅಷ್ಟು ಏರುವುದು ನಿಯಮ ಮೀರಿದ ಏರಿಕೆ, ಅದಕ್ಕೆ ಮುಂಚೆ ದೇಹಕ್ಕೆ ಸಮಯ ಕೊಡಬೇಕು. ಸಮಯ ಕಳೆಯಲು ಇದಕ್ಕಿಂತ ಒಳ್ಳೆಯ ಊರು ಸಿಗುವುದೂ ಇಲ್ಲ. ಹಸಿರು ಬಾರ್ಲಿ ಹೊಲ, ಪೊಪ್ಲರ್ ಮರ, ಮೇಲೆ ತಲೆ ಎತ್ತಿದರೆ 7,135 ಮೀಟರ್‌ನ ನುನ್ ಮತ್ತು 7,077 ಮೀಟರ್‌ನ ಕುನ್. ಅದೇ ಬೆಟ್ಟಸಾಲಿನ ಪಿನಾಕಲ್ ಶಿಖರವನ್ನು 1906ರಲ್ಲಿ ಹತ್ತಿದ ಫ್ಯಾನಿ ಬುಲಕ್ ವರ್ಕ್‌ಮನ್‌ಗೆ ಆಗ 47 ವರ್ಷ, ಮೈಮೇಲೆ ಲಂಗ ಬೇರೆ. ನಮಗೆ ವಯಸ್ಸಾಯ್ತು ಅನ್ನುವ ಚಿಕ್ಕಮ್ಮಂದಿರಿಗೆ ಇದನ್ನು ಹೇಳಿ. ಒಂದು ದಿನ ಬೆಳಿಗ್ಗೆ ಪರ್ಕಾಚಿಕ್ ಲಾ ಕಡೆ ಆದಷ್ಟು ದೂರ ನಡೆದು ವಾಪಸ್ ಬನ್ನಿ. ಇನ್ನೊಂದು ದಿನ ಏನೂ ಮಾಡಬೇಡಿ. ನಾನು ಉಳಿದಿದ್ದ ಮನೆಯ ಅಮ್ಮ ಚಳಿಗಾಲಕ್ಕೆಂದು ತಾರಸಿ ಮೇಲೆ ಹುಲ್ಲಿನ ಕಟ್ಟು ಜೋಡಿಸುತ್ತಿದ್ದರು. ಸಹಾಯ ಮಾಡುತ್ತೇನೆ ಅಂತ ಹೋದೆ. ಹುಲ್ಲನ್ನೇ ಹುರಿ ಮಾಡಿ ತಿರುಚಿ ಕಟ್ಟಬೇಕು. ನಾನು ಕಟ್ಟಿದ್ದನ್ನೆಲ್ಲ ಅವರು ಮಾತಾಡದೆ ಬಿಚ್ಚಿ ಮತ್ತೆ ಕಟ್ಟಿದರು, ಆಮೇಲೆ ನನ್ನ ಕೈಗೆ ಚಹಾ ಲೋಟ ಕೊಟ್ಟು ಮೂಲೆಯಲ್ಲಿ ಕೂರಿಸಿದರು. ಇಲ್ಲಿನವರು ಹೆಚ್ಚಾಗಿ ಶಿಯಾ ಮುಸ್ಲಿಮರು, ಸಲಾಂ ಹೇಳಿ. ರಂಗ್ದುಮ್ ಗೊಂಪಾದಿಂದ ಆಚೆಗೆ ಹೆಚ್ಚಾಗಿ ಬೌದ್ಧರು, ಅಲ್ಲಿ 'ಜುಲೇ'. ನಮಸ್ಕಾರಕ್ಕೂ ಅದೇ, ಥ್ಯಾಂಕ್ಸ್‌ಗೂ ಅದೇ, ಹೊರಡುವಾಗಲೂ ಅದೇ. ಯಾರ ಫೋಟೋ ತೆಗೆಯುವುದಿದ್ದರೂ ಮೊದಲು ಕೇಳಿ, ಹೆಂಗಸರದ್ದಂತೂ ಕೇಳದೆ ಬೇಡವೇ ಬೇಡ.

ಇನ್ನು ಹಿಮನದಿ. ಪೆನ್ಸಿ ಲಾ ಸುಮಾರು 4,400 ಮೀಟರ್. ಅದನ್ನು ದಾಟಿ ಸ್ವಲ್ಪ ಇಳಿದರೆ ರಸ್ತೆಯ ತಿರುವಿನಲ್ಲಿ ಡ್ರಂಗ್-ಡ್ರುಂಗ್ ಕಾಣುತ್ತದೆ. ಉದ್ದ ಸುಮಾರು 23 ಕಿಲೋಮೀಟರ್. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ವರೆಗೂ ಒಂದೇ ಮಂಜುಗಡ್ಡೆ ಬಿದ್ದುಕೊಂಡಿದೆ ಅಂದುಕೊಳ್ಳಿ, ಅದೂ ಜರುಗುತ್ತಿರುವ ಮಂಜುಗಡ್ಡೆ. ಮೊದಲ ನೋಟಕ್ಕೆ ನಿರಾಸೆ ಆಗಬಹುದು. ಜೊತೆಗೆ ಬಂದಿದ್ದ ಗೆಳೆಯ "ಇದೇನೋ, ಕಾಂಕ್ರೀಟ್ ಸುರಿದ ಹಾಗಿದೆಯಲ್ಲೋ" ಅಂದ. ಬೆಟ್ಟವನ್ನು ಉಜ್ಜುತ್ತಾ ಬರುವುದರಿಂದ ಅದರ ಅಂಚಿನಲ್ಲಿ, ತುದಿಯಲ್ಲಿ ಕಲ್ಲುಮಣ್ಣು ಮೆತ್ತಿರುತ್ತದೆ. ಜಾಸ್ತಿ ಜನ ಹತ್ತು ನಿಮಿಷ ನಿಂತು, ಫೋಟೋ ಹೊಡೆದು, ಗಾಡಿ ಹತ್ತುತ್ತಾರೆ. ನೀವು ಬೆಳಿಗ್ಗೆ ಎಂಟಕ್ಕೇ ಹೋಗಿ ಚಾಪೆ ಹಾಸಿ ಕೂತುಬಿಡಿ. ಫ್ಲಾಸ್ಕ್‌ನಲ್ಲಿ ಬಿಸಿನೀರು ಇರಲಿ. ಒಂದು ಗಂಟೆ ಆದಮೇಲೆ ಕಣ್ಣು ಪಳಗುತ್ತದೆ. ಬೂದು ಅಂದುಕೊಂಡಿದ್ದರಲ್ಲಿ ಗೆರೆ ಗೆರೆಯಾಗಿ ಬಿರುಕುಗಳು ಕಾಣುತ್ತವೆ, ಬಿರುಕಿನ ಒಳಗೆ ನೀಲಿ. ಬಿಸಿಲು ಏರಿದ ಹಾಗೆ ದೂರದಲ್ಲಿ ಎಲ್ಲೋ ಕಲ್ಲು ಉರುಳುವ ಸದ್ದು. ಬುಡದಲ್ಲಿ ಈಗ ಒಂದು ಕೆರೆ ಆಗಿದೆ, ಹಿಮನದಿ ಹಿಂದೆ ಸರಿದು ಬಿಟ್ಟುಕೊಟ್ಟ ಜಾಗ ಅದು. ಅಲ್ಲಿಂದ ಹೊರಡುವ ಸ್ಟೋಡ್ ನದಿ ಪದುಮ್ ಹತ್ತಿರ ಇನ್ನೊಂದನ್ನು ಕೂಡಿ ಝಾಂಸ್ಕರ್ ಆಗಿ, ನಿಮ್ಮು ಎಂಬಲ್ಲಿ ಸಿಂಧೂಗೆ ಸೇರುತ್ತದೆ. ಆ ನೀರನ್ನು ಬಾಟಲಿಯಲ್ಲಿ ಹಿಡಿದರೆ ಅಕ್ಕಿ ತೊಳೆದ ನೀರಿನ ಬಣ್ಣ. ಇಡೀ ರಾತ್ರಿ ಇಟ್ಟರೆ ತಳದಲ್ಲಿ ರಂಗೋಲಿ ಪುಡಿಗಿಂತ ನುಣುಪಾದ ಹಿಟ್ಟು ಕೂರುತ್ತದೆ. ಬೆಟ್ಟವೇ ಅದು, ಅರೆದದ್ದು.

ಮಂಜುಗಡ್ಡೆ ಮೇಲೆ ಕಾಲಿಡುವ ಆಸೆ ಬರುತ್ತದೆ, ಬರಲಿ. ಹಗ್ಗ ಮತ್ತು ಗೊತ್ತಿರುವ ಸ್ಥಳೀಯ ಗೈಡ್ ಇಲ್ಲದೆ ಹೋಗಬೇಡಿ. ಬಿರುಕಿನ ಮೇಲೆ ತೆಳ್ಳಗೆ ಹಿಮ ಮುಚ್ಚಿದ್ದರೆ ಮೇಲಿನಿಂದ ಗೊತ್ತೇ ಆಗುವುದಿಲ್ಲ. ತುದಿಯ ಹತ್ತಿರ ನಿಂತು ಸೆಲ್ಫಿ ತೆಗೆಯುವುದೂ ಬೇಡ, ಮಧ್ಯಾಹ್ನದ ಬಿಸಿಲಿಗೆ ಅಲ್ಲಿ ತುಂಡು ಕುಸಿಯುತ್ತದೆ.

ತಯಾರಿ ಬೆಂಗಳೂರಿನಲ್ಲೇ ಶುರುವಾಗಲಿ. ಎರಡು ತಿಂಗಳು ಮುಂಚೆ ಅಪಾರ್ಟ್‌ಮೆಂಟ್ ಲಿಫ್ಟ್ ಬಿಡಿ. ಹೊಸ ಶೂ ತೆಗೆದುಕೊಂಡಿದ್ದರೆ ಅದನ್ನೇ ಹಾಕಿ, ಬೆನ್ನಿಗೆ ಐದು ಕೆ.ಜಿ. ಅಕ್ಕಿ ಚೀಲ ಹೊತ್ತು ಸುಲ್ತಾನ್‌ಪೇಟೆ ಕಡೆಯಿಂದ ನಂದಿಬೆಟ್ಟದ ಮೆಟ್ಟಿಲು ಹತ್ತಿ, ಶೂ ಎಲ್ಲಿ ಕಚ್ಚುತ್ತದೆ ಅಂತ ಇಲ್ಲೇ ಗೊತ್ತಾಗುತ್ತದೆ. ಆದರೆ ಫಿಟ್ ಇದ್ದವರಿಗೆ ಎತ್ತರದ ಕಾಯಿಲೆ ಬರುವುದಿಲ್ಲ ಅನ್ನುವುದು ಸುಳ್ಳು. ಮ್ಯಾರಥಾನ್ ಓಡುವವರೂ ಮಲಗಿದ್ದಾರೆ. ಡಯಾಮಾಕ್ಸ್ ಮಾತ್ರೆ ಬೇಕಾ ಬೇಡವಾ ಅಂತ ಹೊರಡುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ, ಸಲ್ಫಾ ಔಷಧಿ ಅಲರ್ಜಿ ಇದ್ದರೆ ಅದನ್ನು ಹೇಳಲು ಮರೆಯಬೇಡಿ. ತಲೆನೋವು, ಹೊಟ್ಟೆ ತೊಳಸುವುದು, ಊಟ ಸೇರದಿರುವುದು ಶುರುವಾದರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಸುಮ್ನೆ ಕೂತಿದ್ದರೂ ಏದುಸಿರು, ಬಿಡದ ಕೆಮ್ಮು, ಅಥವಾ ಹೆಜ್ಜೆ ಮುಂದೆ ಹೆಜ್ಜೆ ಇಟ್ಟು ನೇರ ಗೆರೆಯಲ್ಲಿ ನಡೆಯಲು ಆಗುತ್ತಿಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ಕ್ಷಣವೇ ಕೆಳಗೆ ಇಳಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬಟ್ಟೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ದಪ್ಪ ಜಾಕೆಟ್‌ಗಿಂತ ಮೂರು ತೆಳು ಪದರ ಮೇಲು, ಗಾಳಿ ತಡೆಯುವ ಒಂದು ಹೊರಪದರ ಇರಲಿ. ಟೋಪಿ, ಒಳ್ಳೆಯ ಕೂಲಿಂಗ್ ಗ್ಲಾಸ್, ಸನ್‌ಸ್ಕ್ರೀನ್ ಮಾತ್ರ ಮರೆಯಬೇಡಿ, ಪ್ರತಿ ಸಾವಿರ ಮೀಟರ್‌ಗೆ ನೇರಳಾತೀತ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಬ್ಯಾಗಿಗೆ ಹಾಕಿದರೆ ದೇವನಹಳ್ಳಿಯಲ್ಲೇ ತೆಗೆಸುತ್ತಾರೆ. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಕಾಶ್ಮೀರ, ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು, ಅದೂ ಕಾರ್ಗಿಲ್ ಬಿಟ್ಟ ಮೇಲೆ ಆಗಾಗ ಸತ್ತುಹೋಗುತ್ತದೆ. ಮನೆಯಲ್ಲಿ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅಮ್ಮ ಎರಡನೇ ದಿನವೇ ದೇವರಿಗೆ ಮುಡಿಪು ಕಟ್ಟುತ್ತಾರೆ. ಪೂರ್ತಿ ಖರ್ಚಿಗೆ ಬೇಕಾದ ನಗದನ್ನು ಕಾರ್ಗಿಲ್‌ನಲ್ಲೇ ಕೈಗೆ ಇಟ್ಟುಕೊಳ್ಳಿ, ಗಾಡಿಗೆ ಪೆಟ್ರೋಲನ್ನೂ ಅಲ್ಲೇ ತುಂಬಿಸಿ. ಟ್ಯಾಕ್ಸಿ ಮಾತಾಡುವಾಗ "ದಾರಿಯಲ್ಲಿ ಇಂಥ ಕಡೆ ಇಷ್ಟು ರಾತ್ರಿ ನಿಲ್ಲುತ್ತೇವೆ" ಅಂತ ಮೊದಲೇ ಬಾಯಿಬಿಟ್ಟು ಹೇಳಿ. ಒಂದೇ ದಿನದಲ್ಲಿ ಕಾರ್ಗಿಲ್‌ನಿಂದ ಪದುಮ್ ಮುಟ್ಟಿಸುವುದೇ ಅವರ ರೂಢಿ.

ಊಟ ಸರಳ. ಅನ್ನ, ಬೇಳೆ, ಮ್ಯಾಗಿ, ತುಕ್ಪಾ, ಬೆಣ್ಣೆ ಹಾಕಿದ ಉಪ್ಪು ಚಹಾ. ರಂಗ್ದುಮ್‌ನಲ್ಲಿ ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ, ಕುಕ್ಕರ್ ಇಲ್ಲದಿದ್ದರೆ ಬೇಳೆ ಬೇಯುವುದೇ ಇಲ್ಲ, ಹಾಗಾಗಿ ಅಡುಗೆಯವರ ಮೇಲೆ ರೇಗಬೇಡಿ. ಚಟ್ನಿಪುಡಿ, ಹುರಿಗಡಲೆ, ಒಂದು ಡಬ್ಬಿ ಹುರಿಹಿಟ್ಟು ಒಯ್ಯಿರಿ. ಅಲ್ಲಿನವರು ತಿನ್ನುವ ತ್ಸಂಪಾ ಕೂಡ ಹುರಿದ ಬಾರ್ಲಿಯ ಹಿಟ್ಟೇ, ನಮ್ಮ ಹುರಿಹಿಟ್ಟಿನ ಅಣ್ಣ. ಪ್ಲಾಸ್ಟಿಕ್ ಕವರ್ ಎಲ್ಲ ವಾಪಸ್ ತನ್ನಿ, ಅಲ್ಲಿ ಕಸದ ಗಾಡಿ ಬರುವುದಿಲ್ಲ.

ಕೊನೆಗೆ ವಾಪಸ್ ಟಿಕೆಟ್. ಶ್ರೀನಗರಕ್ಕೆ ಬರುವ ದಿನಕ್ಕೂ ವಿಮಾನದ ದಿನಕ್ಕೂ ಮಧ್ಯೆ, ಮೇಲೆ ಹೇಳಿದ ರಾತ್ರಿಗಳ ಲೆಕ್ಕ ಬಿಟ್ಟು, ಒಂದು ದಿನವಾದರೂ ಬಿಡಿ. ಝೋಜಿ ಲಾದಲ್ಲಿ ಗುಡ್ಡ ಕುಸಿಯುತ್ತದೆ, ಮೇಲಿನ ರಸ್ತೆಗಳಲ್ಲಿ ಹಳ್ಳ ಉಕ್ಕುತ್ತದೆ. ಹಿಮ ಕರಗಿ ಬರುವ ಹಳ್ಳಗಳಿಗೆ ಒಂದು ದಿನಚರಿ ಇದೆ: ಬೆಳಿಗ್ಗೆ ಇಳಿದಿರುತ್ತವೆ, ಬಿಸಿಲು ಕಾದ ಹಾಗೆ ಏರಿ ಸಂಜೆ ಹೊತ್ತಿಗೆ ಭೋರ್ಗರೆಯುತ್ತವೆ. ನಾವು ಒಮ್ಮೆ ಸಂಜೆ ನಾಲ್ಕಕ್ಕೆ ಅಂಥದೊಂದು ಹಳ್ಳದ ಎದುರು ನಿಂತೆವು. ನೀರಿನ ಅಡಿಯಲ್ಲಿ ಬಂಡೆಗಳು ಗುಡುಗುಡು ಉರುಳುವುದು ಕೇಳುತ್ತಿತ್ತು. ಡ್ರೈವರ್ ಇಂಜಿನ್ ಆರಿಸಿ, ಒಂದು ಕಡ್ಡಿ ತಂದು ನೀರಿನ ಅಂಚಿಗೆ ನೆಟ್ಟು, ಗಾಡಿ ತಿರುಗಿಸಿ ರಂಗ್ದುಮ್‌ಗೆ ಕರೆತಂದ. ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಮತ್ತೆ ಬಂದು ನೋಡಿದರೆ ಕಡ್ಡಿ ಒಣ ಕಲ್ಲುಗಳ ನಡುವೆ ನಿಂತಿತ್ತು, ನೀರು ಅದರಿಂದ ಐದಾರು ಹೆಜ್ಜೆ ಆಚೆಗೆ, ಪಾದ ಮುಳುಗುವಷ್ಟು.